ಲಸಿಕೆಯ ದಿನ ಪಾರ್ಕಿಂಗ್ ಹುಡುಕುವ ಅಪ್ಪ

ಕಾಗದಪತ್ರದ ವಿಷಯದಲ್ಲಿ ನನ್ನನ್ನು ಮೀರಿಸುವ ಗಂಡಸು ನಾವಿರೋ ಪರದೇಶದ ಈ ಸಮಾಮಿಶ್ ಗುಡ್ಡದ ಮೇಲೆ ಇನ್ನೂ ಮನೆ ತಗೊಂಡಿಲ್ಲ ಅಂತ ನಾನು ಎದೆ ತಟ್ಟಿಕೊಂಡು ಹೇಳ್ತಿದ್ದೆ. ಹೇಳ್ತಿದ್ದೆ ಅಂದಿದ್ದನ್ನ ಗಮನಿಸಿ. ಈಗ ಹೇಳಲ್ಲ.

ನಮ್ಮ ಮನೇಲಿ ಒಂದು ಕಪಾಟಿದೆ. ಅದರ ತುಂಬಾ ಬಣ್ಣಬಣ್ಣದ ಫೋಲ್ಡರ್. ವೀಸಾದ್ದು ಕೆಂಪು, ತೆರಿಗೇದು ಹಸಿರು, ಕಾರಿಂದು ನೀಲಿ. ಮದುವೆಯಾದ ಹೊಸದರಲ್ಲಿ ತಗೊಂಡ ರೈಸ್ ಕುಕ್ಕರಿನ ವಾರಂಟಿ ಕಾರ್ಡೂ ಅದರಲ್ಲಿದೆ. ಕುಕ್ಕರ್ ಕೆಟ್ಟು ಕಸಕ್ಕೆ ಹೋಗಿ ಐದು ವರ್ಷ ಆಯ್ತು, ಕಾರ್ಡ್ ಮಾತ್ರ ಇನ್ನೂ ಹೊಸದರ ಥರಾನೇ ಇದೆ. ಇಂಥ ಮನುಷ್ಯ ನಾನು. ಹೆಸರು ಶಿವಕುಮಾರ, ಊರು ಪಾಂಡವಪುರದ ಹತ್ತಿರ, ಕೆಲಸ ಫ್ರೀಮಾಂಟ್‌ನ ಒಂದು ಆಫೀಸಿನಲ್ಲಿ ಡೇಟಾ ಎಂಜಿನಿಯರ್.

ನಮ್ಮ ಮಗಳು ನಂದಿತಾಗೆ ನಾಲ್ಕು ವರ್ಷ. ಸೆಪ್ಟೆಂಬರಿಂದ ಪ್ರೀಸ್ಕೂಲು. ಇಲ್ಲಿ ಕೋ-ಆಪ್ ಅಂತ ಒಂದು ಬಗೆಯ ಶಾಲೆ ಇದೆ. ಟೀಚರ್ ಒಬ್ಬರೇ, ಉಳಿದ ಕೆಲಸಕ್ಕೆ ಅಪ್ಪ ಅಮ್ಮಂದಿರು ಪಾಳಿ ಪ್ರಕಾರ ಹೋಗಬೇಕು. ಆಟದ ಸಾಮಾನು ಎತ್ತಿಡೋದು, ಮೂಗು ಒರೆಸೋದು, ತಿಂಡಿಗೆ ಸೇಬು ಹೆಚ್ಚೋದು, ಇಂಥವು. ಮೊದಲನೇ ಸೋಮವಾರದ ಪಾಳಿ ನನ್ನದು. ನಂದಿತಾ ಈ ಸುದ್ದೀನ ಅಕ್ಕಪಕ್ಕದ ಮನೆಯವರಿಗೆಲ್ಲಾ ಸಾರಿ ಬಂದಿದ್ದಳು. ನನ್ನ ಅಂಗಿಗೆ ಸಿಕ್ಕಿಸೋಕೆ ರಟ್ಟಿನಲ್ಲಿ ಒಂದು ಬಿಲ್ಲೆ ಮಾಡಿ, ಅಮ್ಮನ ಹತ್ತಿರ ಕೈ ಹಿಡಿಸಿಕೊಂಡು ಅದರ ಮೇಲೆ ಕ್ರೇಯಾನಲ್ಲಿ ದೊಡ್ಡದಾಗಿ 'ಅಪ್ಪ' ಅಂತ ಬರೆದಿದ್ದಳು. ಪಕ್ಕದಲ್ಲಿ ಒಂದು ಸೇಬು. ಸೇಬಿಗೆ ಕಣ್ಣು, ಮೀಸೆ ಎಲ್ಲಾ ಇತ್ತು.

ಶಾಲೆ ಶುರುವಾಗೋ ಹಿಂದಿನ ಬುಧವಾರ ಈಮೇಲ್ ಬಂತು. 'ಮಗುವಿನ ಲಸಿಕೆಗಳ ದಾಖಲೆ ಶುಕ್ರವಾರದೊಳಗೆ ನಮ್ಮ ಕೈ ಸೇರಬೇಕು. ಇಲ್ಲದಿದ್ದರೆ ಮಗು ಸೋಮವಾರ ಬರುವಂತಿಲ್ಲ.' ಇದು ಮೊದಲನೇ ಪ್ಯಾರಾ. ಎರಡನೇ ಪ್ಯಾರಾನೂ ಒಂದಿತ್ತು. ನಾನು ಓದಲಿಲ್ಲ. ಎರಡನೇ ಪ್ಯಾರಾ ಓದೋರು ಮೊದಲನೇದು ಅರ್ಥವಾಗದೇ ಇರೋರು ಅಂತ ನನ್ನ ಸಿದ್ಧಾಂತ.

"ದಾಖಲೆ ತಾನೇ! ನಾಳೆ ಬೆಳಗಾಗೋದ್ರೊಳಗೆ ಅವರ ಟೇಬಲ್ ಮೇಲೆ ಇರುತ್ತೆ!" ಅಂದೆ.

ಹೆಂಡತಿ ಮೇಘನಾ ಸಾರಿಗೆ ಒಗ್ಗರಣೆ ಹಾಕ್ತಾ, "ರೀ, ಅದಕ್ಕೆ ಕ್ಲಿನಿಕ್ಕಿನವರೇ..." ಅಂತ ಶುರು ಮಾಡಿದಳು.

"ಮೇಘನಾ, ಇದು ನನ್ನ ಡಿಪಾರ್ಟ್‌ಮೆಂಟು. ನೀನು ಕೈ ಹಾಕಬೇಡ."

"ಕೈ ಹಾಕ್ತಿಲ್ಲ, ಹೇಳ್ತಿದೀನಿ ಅಷ್ಟೇ. ಜೂನ್‌ನಲ್ಲಿ ನಾನು ಹೋದಾಗ..."

"ಜೂನ್ ಕಥೆ ಈಗ್ಯಾಕೆ?"

ಜೂನ್ ಕಥೆ ನನಗೆ ಬೇಡವಾಗಿದ್ದಕ್ಕೆ ಕಾರಣ ಇದೆ. ನಿಮ್ಮ ಹತ್ತಿರ ಮುಚ್ಚಿಡೋದೇನು, ಹೇಳಿಬಿಡ್ತೀನಿ. ಜೂನ್‌ನಲ್ಲಿ ನಂದಿತಾಗೆ ನಾಲ್ಕು ವರ್ಷದ ಲಸಿಕೆಗಳು ಇದ್ದವು. ಕ್ಲಿನಿಕ್ ಬಾಗಿಲ ಮುಂದೆ ತಾಯಿ ಮಗಳನ್ನ ಇಳಿಸಿ, "ನೀವು ನಡೀತಿರಿ, ನಾನು ಪಾರ್ಕಿಂಗ್ ಹುಡುಕಿ ಬರ್ತೀನಿ" ಅಂದೆ. ಗಿಜಿಗುಡೋ ಪೇಟೆ ಮಧ್ಯದ ಸೌತ್ ಲೇಕ್ ಯೂನಿಯನ್ ಆಗಿದ್ದಿದ್ರೆ ಈ ಮಾತಿಗೆ ಒಂದು ಮರ್ಯಾದೆ ಇರ್ತಿತ್ತು. ಸಮಾಮಿಶ್‌ನಲ್ಲಿ ಆ ಕ್ಲಿನಿಕ್ ಮುಂದೆ ಇನ್ನೂರು ಕಾರು ನಿಲ್ಲೋ ಜಾಗ ಇದೆ. ಅವತ್ತು ನಿಂತಿದ್ದಿದ್ದು ಒಂಬತ್ತು. ಆದರೂ ನಾನು ಮೂವತ್ತೈದು ನಿಮಿಷ ಹುಡುಕಿದೆ. ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿಕೊಂಡು ಹುಡುಕಿದೆ.

ನಂದಿತಾ ಈ ದೇಶಕ್ಕೆ ಬಂದಾಗಿನಿಂದ ಪ್ರತಿ ಲಸಿಕೆಗೂ ಇದೇ ಏರ್ಪಾಡು. ಸೂಜಿ ಅಂದ್ರೆ ನನಗೆ ಆಗಲ್ಲ. ನನಗೆ ಚುಚ್ಚೋದೇ ಬೇಕಿಲ್ಲ, ಬೇರೆಯವರಿಗೆ ಚುಚ್ಚೋದು ನೋಡಿದ್ರೂ ಕಾಲು ತಣ್ಣಗಾಗುತ್ತೆ. ಕೊರೊನಾ ಕಾಲದಲ್ಲಿ ನನಗೆ ಸೂಜಿ ಹಾಕಿಸಿದ ಪ್ರಸಂಗ ಬೇರೆಯೇ ಇದೆ, ಅದರಲ್ಲಿ ಇಬ್ಬರು ನರ್ಸುಗಳು ಬರ್ತಾರೆ, ಇಲ್ಲಿ ಬೇಡ. ಒಳಗೆ ನಂದಿತಾ "ವೇರ್ ಈಸ್ ಅಪ್ಪ?" ಅಂತ ಕೇಳ್ತಾಳಂತೆ. ಮೇಘನಾ "ಪಾರ್ಕಿಂಗ್ ಹುಡುಕ್ತಿದಾರೆ ಪುಟ್ಟಿ" ಅಂತಾಳಂತೆ. ಎಲ್ಲಾ ಮುಗಿದು ಅವರು ಹೊರಗೆ ಬಂದ ಮೇಲೆ ನಾನು ಓಡಿ ಹೋಗಿ ಮಗಳ ತಲೆ ಸವರಿ, "ಅಷ್ಟೇ ಕಂದ! ಇರುವೆ ಕಚ್ಚಿದ ಹಾಗೆ, ಅಲ್ವಾ?" ಅಂತ ಧೈರ್ಯ ಹೇಳ್ತೀನಿ.

ಹಾಗಾಗಿ ಕ್ಲಿನಿಕ್ ಹೆಸರು ಎತ್ತೋದೇ ಬೇಡ ಅಂತ ನಾನು ಮೂಲಕ್ಕೇ ಹೋದೆ. ನಂದಿತಾ ಹುಟ್ಟಿದ್ದು ಮೈಸೂರಿನಲ್ಲಿ. ಮೊದಲ ಒಂದೂವರೆ ವರ್ಷದ ಲಸಿಕೆಗಳೆಲ್ಲಾ ಅಲ್ಲೇ ಆಗಿದ್ದು. ಆ ಕಾರ್ಡು ನನ್ನ ಅತ್ತೆ, ಅಂದ್ರೆ ಮೇಘನಾಳ ಅಮ್ಮನ ಹತ್ತಿರ ಇತ್ತು. ರಾತ್ರಿ ಊಟಕ್ಕೆ ಮುಂಚೆ, ಅಲ್ಲಿ ಬೆಳಿಗ್ಗೆ ಕಾಫಿ ಹೊತ್ತಿಗೆ, ಫೋನ್ ಮಾಡಿದೆ.

"ಅತ್ತೆ, ನಂದಿತಾದು ಆಸ್ಪತ್ರೆ ಲಸಿಕೆ ಕಾರ್ಡ್ ಇದೆಯಾ?"

"ಇರದೇ ಎಲ್ಲಿ ಹೋಗತ್ತೆ? ದೇವರ ಮನೇಲಿ ಇಟ್ಟಿದೀನಿ" ಅಂದ್ರು ಕೌಸಲ್ಯತ್ತೆ.

"ಲಸಿಕೆ ಕಾರ್ಡು ದೇವರ ಮನೇಲಿ ಯಾಕತ್ತೆ?"

"ಜಾತಕ ಬರೆಸೋಕೆ ಹುಟ್ಟಿದ ಗಳಿಗೆ ಬೇಕಲ್ಲಪ್ಪಾ, ಅದು ಆ ಕಾರ್ಡಲ್ಲೇ ಬರೆದಿತ್ತು. ಜೋಯಿಸರ ಹತ್ರ ತಗೊಂಡು ಹೋಗಿದ್ದೆ. ಆಮೇಲೆ ಜಾತಕ, ಕಾರ್ಡು ಎರಡನ್ನೂ ಒಂದೇ ಕವರಲ್ಲಿ ಹಾಕಿ, ಅರಿಶಿನ ಕುಂಕುಮ ಹಚ್ಚಿ ಇಟ್ಟುಬಿಟ್ಟೆ. ಫೋಟೋ ತೆಗೆದು ವಾಟ್ಸಾಪ್ ಮಾಡ್ಲಾ? ಯಾವ್ದು ಬೇಕು ಹೇಳಿ."

"ಕವರಲ್ಲಿ ಇರೋದೆಲ್ಲಾ ಕಳ್ಸಿ ಅತ್ತೆ. ಒಂದೂ ಬಿಡಬೇಡಿ!"

ಹಾಳು ನಾಲಿಗೆ. ಆ ಕೊನೇ ಮಾತು ಆಡದೇ ಇದ್ದಿದ್ರೆ ಈ ಲೇಖನವೇ ಇರ್ತಿರಲಿಲ್ಲ.

ಒಂಬತ್ತು ಫೋಟೋ ಬಂದವು. ವಾಟ್ಸಾಪಿಗೆ ಬಂದ ಫೋಟೋಗಳನ್ನೆಲ್ಲಾ ತಾನೇ ಜೋಡಿಸಿ, ನೇರ ಮಾಡಿ, ಒಂದು ಫೈಲ್ ಮಾಡೋ ಪ್ರೋಗ್ರಾಮ್ ಒಂದನ್ನ ನಾನೇ ಬರೆದಿಟ್ಟಿದೀನಿ. ಅದಕ್ಕೆ ಒಪ್ಪಿಸಿದೆ. ಶಾಲೆಯ ವೆಬ್‌ಸೈಟು ಮೂರು ಪುಟಕ್ಕಿಂತ ಜಾಸ್ತಿ ತಗೊಳಲ್ಲ ಅಂತು. ನನ್ನ ಪ್ರೋಗ್ರಾಮ್ ಮಹಾ ವಿಧೇಯ, ಮೊದಲ ಮೂರು ಪುಟ ಉಳಿಸಿಕೊಂಡು ಬಾಕಿ ಆರನ್ನ ಕತ್ತರಿಸಿ ಕಳಿಸಿಬಿಡ್ತು. ಒಟ್ಟು ಸಮಯ ಹನ್ನೊಂದು ಸೆಕೆಂಡು.

"ಒಂದ್ಸಲ ತೆಗೆದು ನೋಡ್ರೀ, ಏನು ಹೋಯ್ತು ಅಂತ" ಅಂದಳು ಮೇಘನಾ. "ಅಲ್ಲ, ಅದಕ್ಕಿಂತ ನನ್ನ ಬ್ಯಾಗಲ್ಲಿ..."

"ತೆಗೆದು ನೋಡೋದು ಸಿಸ್ಟಮ್ ಇಲ್ಲದೇ ಇರೋರು. ನಾನು ಸಿಸ್ಟಮ್ ಕಟ್ಟಿದೀನಿ."

"ಸರಿ ಸಿಸ್ಟಮ್ಮೂ, ಸಾರು ಆರ್ತಿದೆ, ಬನ್ನಿ."

ಗುರುವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಶಾಲೆಯಿಂದ ಫೋನ್. ಆಫೀಸ್ ನೋಡಿಕೊಳ್ಳೋ ಮಿಸೆಸ್ ಹಾಲ್ವರ್ಸನ್ ಅನ್ನೋ ವಯಸ್ಸಾದ ಹೆಂಗಸು. "ನೀವು ಕಳಿಸಿದ ದಾಖಲೆ ಬಗ್ಗೆ ಸ್ವಲ್ಪ ಮಾತಾಡಬೇಕಿತ್ತು, ನಾಳೆ ಬೆಳಿಗ್ಗೆ ಎಂಟಕ್ಕೆ ಬರ್ತೀರಾ?" ಅಂದ್ರು. ಇಷ್ಟು ಬೇಗ, ಇಷ್ಟು ನೀಟಾಗಿ ಯಾರೂ ಕಳಿಸಿರಲ್ಲ, ಅದಕ್ಕೇ ಕರೀತಿದಾರೆ ಅಂತ ನಾನು ಉಬ್ಬಿಹೋದೆ. ಹೊಗಳಿಕೆಗೆ ಸಾಕ್ಷಿ ಇರಲಿ ಅಂತ ಹೆಂಡತಿ ಮಗಳನ್ನೂ ಕರೆದುಕೊಂಡು ಹೋದೆ. ನಂದಿತಾ ಬಿಲ್ಲೆಯನ್ನ ಕೈಯಲ್ಲೇ ಹಿಡಿದುಕೊಂಡಿದ್ದಳು.

ಮಿಸೆಸ್ ಹಾಲ್ವರ್ಸನ್ ಕನ್ನಡಕ ಏರಿಸಿಕೊಂಡ್ರು. ಆಯಮ್ಮ ಮಾತಾಡಿದ್ದೆಲ್ಲಾ ಇಂಗ್ಲಿಷಲ್ಲೇ. ನಾನು ಕನ್ನಡದಲ್ಲಿ ಹೇಳ್ತೀನಿ, ನಮ್ಮ ಭಾಷೇಲಿ ಹೇಳಿದ್ರೆ ಅವಮಾನ ಸ್ವಲ್ಪ ಕಡಿಮೆ ಅನ್ಸುತ್ತೆ.

"ಮಿಸ್ಟರ್ ಕುಮಾರ್, ಇಪ್ಪತ್ತೆರಡು ವರ್ಷದಿಂದ ನಾನು ಲಸಿಕೆ ಕಾಗದ ನೋಡ್ತಿದೀನಿ. ಉಕ್ರೇನಿಂದು ನೋಡಿದೀನಿ, ಇಥಿಯೋಪಿಯಾದ್ದು ನೋಡಿದೀನಿ. ಇಂಥದ್ದನ್ನ ಮಾತ್ರ ನೋಡಿಲ್ಲ" ಅಂತ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿದ್ರು.

ಪರದೆ ತುಂಬಾ ಚೌಕಟ್ಟು. ಸುತ್ತ ಹನ್ನೆರಡು ಮನೆ, ನಡುವೆ ಗಣಪತಿ, ಮೂಲೇಲಿ ಅರಿಶಿನದ ಹೆಬ್ಬೆಟ್ಟು. ನನ್ನ ಮಗಳ ಜನ್ಮಕುಂಡಲಿ! ಕಾರ್ಡಿನ ಫೋಟೋಗಳು ಕೊನೇ ಆರರಲ್ಲಿದ್ದವು. ಅವನ್ನೇ ನನ್ನ ಸಿಸ್ಟಮ್ ಕತ್ತರಿಸಿ ಎಸೆದಿತ್ತು.

"ಹನ್ನೆರಡು ಲಸಿಕೆ ಅಂತ ಲೆಕ್ಕ ಹಾಕಿದೆ. ಕೆಲವು ಮನೆ ಖಾಲಿ ಇವೆ. ಅವು ಇನ್ನೂ ಹಾಕಿಸಿಲ್ವಾ?"

"ಹಾಗಲ್ಲ... ಕೆಲವು ಮನೆ ಖಾಲಿ ಇದ್ರೇನೇ ಒಳ್ಳೇದು" ಅಂದೆ.

"ಇಲ್ಲಿ ನೋಡಿ, ಒಂದೇ ಮನೇಲಿ ಮೂರು. ಒಂದೇ ದಿನ ಮೂರು ಕೊಟ್ರಾ?"

"ಅದು ರವಿ, ಬುಧ, ಶುಕ್ರ. ಅವರು ಸಾಮಾನ್ಯವಾಗಿ ಒಟ್ಟಿಗೇ ಓಡಾಡ್ತಾರೆ."

"ಡಾಕ್ಟರುಗಳಾ?"

ಪಕ್ಕದಲ್ಲಿ ಮೇಘನಾ ಕೆಮ್ಮೋಕೆ ಶುರು ಮಾಡಿದಳು. ಅದು ಕೆಮ್ಮಲ್ಲ ಅಂತ ನನಗೆ ಗೊತ್ತು.

ಮಿಸೆಸ್ ಹಾಲ್ವರ್ಸನ್ ಬಿಡೋ ಪೈಕಿ ಅಲ್ಲ. ಪಾಪ, ಕಾಗದ ಪ್ರಿಂಟ್ ಹಾಕಿ ಪೆನ್ಸಿಲಲ್ಲಿ ಗುರುತು ಬೇರೆ ಮಾಡಿಕೊಂಡಿದ್ರು. "ಮೂರನೇ ಪುಟದಲ್ಲಿ ಅಂಕಿ ಮಾತ್ರ ಓದೋಕೆ ಬಂತು. 2027ರಿಂದ 2043. ಹದಿನಾರು ವರ್ಷ ಹಾಕಿಸೋ ಲಸಿಕೆ ಯಾವುದಿದು?"

"ಅದು ಗುರು ದಶೆ. ಒಂಥರಾ... ಬೂಸ್ಟರ್ ಇದ್ದ ಹಾಗೆ."

"ಆಮೇಲೆ 2043ರಿಂದ 2062?"

"ಅದು ಶನಿ" ಅಂದೆ. "ಅದಕ್ಕೆ ಲಸಿಕೆ ಇಲ್ಲ."

ಇನ್ನು ಎಳೆಯೋದ್ರಲ್ಲಿ ಅರ್ಥವಿಲ್ಲ ಅಂತ ನಿಜ ಒಪ್ಪಿಕೊಂಡೆ. ಇದು ಜಾತಕ, ಮಗು ಹುಟ್ಟಿದ ಗಳಿಗೇಲಿ ಗ್ರಹಗಳು ಎಲ್ಲೆಲ್ಲಿದ್ದವು ಅಂತ ಬರೆದಿರೋದು, ತಪ್ಪಿ ಬಂದಿದೆ ಅಂದೆ. ಆಯಮ್ಮ ನಗಲಿಲ್ಲ. ನಕ್ಕಿದ್ರೆ ವಾಸಿಯಿತ್ತು. "ತುಂಬಾ ಚೆನ್ನಾಗಿದೆ. ಆದರೆ ರಾಜ್ಯದವರು ಕೇಳಿರೋ ಪಟ್ಟೀಲಿ ಗ್ರಹಗಳಿಲ್ಲ. ದಡಾರ, ಪೋಲಿಯೋ, ನಾಯಿಕೆಮ್ಮು, ಇವು ಬೇಕು. ಇವತ್ತು ಸಂಜೆಯೊಳಗೆ ಬರದಿದ್ರೆ ಸೋಮವಾರ ನಂದಿತಾನ ಸೇರಿಸಿಕೊಳ್ಳೋಕಾಗಲ್ಲ" ಅಂದ್ರು.

ನಂದಿತಾ ನನ್ನ ಮುಖ ನೋಡಿದಳು. ಕೆಳತುಟಿ ಅಲ್ಲಾಡ್ತಿತ್ತು. ಹನ್ನೊಂದು ಸೆಕೆಂಡಿನಲ್ಲಿ ಕಳಿಸಿದ್ದನ್ನ ಇನ್ನೊಂದು ಹನ್ನೊಂದು ಸೆಕೆಂಡು ಕೂತು ನೋಡಿದ್ದಿದ್ರೆ ಏನು ಗಂಟು ಹೋಗ್ತಿತ್ತು!

ಆಗ ಮೇಘನಾ ಬ್ಯಾಗಿನ ಜಿಪ್ ಎಳೆದು, ನಾಲ್ಕು ಮಡಿಕೆ ಮಾಡಿದ್ದ ಒಂದು ಕಾಗದ ತೆಗೆದು ಟೇಬಲ್ ಮೇಲೆ ಇಟ್ಟಳು. "ಕ್ಲಿನಿಕ್ಕಿನವರು ಜೂನ್‌ನಲ್ಲೇ ಪ್ರಿಂಟ್ ಮಾಡಿ ಕೊಟ್ಟಿದ್ರು. ಇವಳು ಈ ದೇಶಕ್ಕೆ ಬಂದಾಗಲೇ ಮೈಸೂರು ಕಾರ್ಡಿನ ಜೆರಾಕ್ಸ್ ಕೊಟ್ಟಿದ್ದೆ, ಆ ತಾರೀಕುಗಳೂ ಇದರಲ್ಲೇ ಇವೆ. ಕೆಳಗೆ ಡಾಕ್ಟರ್ ಸಹಿ."

ಮಿಸೆಸ್ ಹಾಲ್ವರ್ಸನ್ ಸಾಲು ಸಾಲಾಗಿ ನೋಡಿ, ಟಿಕ್ ಹಾಕಿ, ಠಪ್ ಅಂತ ಮೊಹರು ಒತ್ತಿದ್ರು. ನಂದಿತಾ ತುಟಿ ಜಾಗಕ್ಕೆ ಬಂತು.

"ಇದು ನಿನ್ನ ಹತ್ರ ಇದ್ರೆ ಮುಂಚೆ ಹೇಳಬಾರದಿತ್ತಾ?" ಅಂದೆ ಕನ್ನಡದಲ್ಲಿ, ಹಲ್ಲು ಕಚ್ಚಿಕೊಂಡು.

"ಮೂರು ಸಲ ಬಾಯಿ ಬಿಟ್ಟೆ. ಮೂರು ಸಲಾನೂ ನಿಮ್ಮ ಡಿಪಾರ್ಟ್‌ಮೆಂಟ್ ಮುಚ್ಚಿತ್ತು."

ಹೋದ ಮಾನ ಹೋಯ್ತು, ಮಗಳ ಕೆಲಸ ಆಯ್ತಲ್ಲ ಅಂತ ಎದ್ದು ನಿಂತೆ. "ಕೂತ್ಕೊಳ್ಳಿ" ಅಂದ್ರು ಮಿಸೆಸ್ ಹಾಲ್ವರ್ಸನ್. "ಮಗಳದ್ದು ಸರಿ ಹೋಯ್ತು. ಈಗ ನಿಮ್ಮದು ಕೊಡಿ."

"ನನ್ನದು? ನಾನು ಪ್ರೀಸ್ಕೂಲ್ ಸೇರ್ತಿಲ್ಲ."

"ಸೋಮವಾರ ಕ್ಲಾಸಲ್ಲಿ ಸಹಾಯಕ್ಕೆ ಬರೋರು ನೀವೇ ತಾನೇ? ಮಕ್ಕಳ ಜೊತೆ ಕೆಲಸ ಮಾಡೋ ದೊಡ್ಡವರಿಗೂ ದಡಾರದ ಲಸಿಕೆಯ ದಾಖಲೆ ಬೇಕು. ಈಮೇಲಿನ ಎರಡನೇ ಪ್ಯಾರಾದಲ್ಲಿ ಬರೆದಿದ್ದೆ."

ಎರಡನೇ ಪ್ಯಾರಾ!

ಆದರೂ ನಾನು ಎದೆಗುಂದಲಿಲ್ಲ. ಪಾಂಡವಪುರದ ಕಡೆ ನಮ್ಮವ್ವ ಬೆಟ್ಟಮ್ಮ ಇದಾಳೆ, ನನ್ನ ಒಂದನೇ ಕ್ಲಾಸಿನ ಸ್ಲೇಟು ಸಮೇತ ಎತ್ತಿಟ್ಟಿರೋಳು. ಅಲ್ಲಿ ರಾತ್ರಿ ಎಂಟೂವರೆ, ಸೀರಿಯಲ್ ನೋಡ್ತಾ ಎಚ್ಚರವಾಗೇ ಇರ್ತಾಳೆ. "ಚೀಟಿ ಇದ್ದೇ ಇರುತ್ತೆ, ಈಗಲೇ ಕೇಳ್ತೀನಿ" ಅಂತ ಜಂಬದಿಂದ ಸ್ಪೀಕರ್ ಹಾಕಿ ಕಾಲ್ ಮಾಡಿದೆ.

"ಅವ್ವ, ನಾನು ಚಿಕ್ಕೋನಿದ್ದಾಗ ದಡಾರದ ಸೂಜಿ ಹಾಕ್ಸಿದ್ಯಲ್ಲ, ಆ ಚೀಟಿ ಎಲ್ಲಿದೆ?"

"ಯಾವ್ ಸೂಜಿ ಕಣ್ಲಾ? ನೀನು ಕೂಸಾಗಿದ್ದಾಗ ನಮ್ಮೂರ್ಗೆ ಸೂಜಿ ಎಲ್ಲಿತ್ತು? ಆಮೇಲೆ ನರ್ಸಮ್ಮ ಬರಕ್ಕೆ ಶುರು ಮಾಡುದ್ಲು. ಅವ್ಳು ಊರ್ ಬಾಗ್ಲಿಗ್ ಬಂದ್ಲು ಅಂದ್ರೆ ಸಾಕು, ನೀನು ರಾಗಿ ವಾಡೆ ಒಳಿಕ್ಕೆ ಇಳ್ದು ಕೂತ್ಕತಿದ್ದೆ! ಒಂದ್ ದಪ ಸಂಜೆಗಂಟ ಸಿಕ್ನಿಲ್ಲ ನೀನು. ನಿಮ್ಮಪ್ಪ ಕೆರೆತಾವ ಹೋಗಿ ನೋಡ್ಕಂಡ್ ಬಂದ್ರು. ನೋಡುದ್ರೆ ವಾಡೆ ಒಳಗೆ ಗೊರಕೆ ಹೊಡೀತಾ ಮನಗಿದ್ಯ! ಯಾಕ್ಲಾ, ಈಗ್ಯಾರು ಸೂಜಿ ಹಿಡ್ಕಂಡ್ ಬಂದವ್ರೆ?"

ಫೋನ್ ಇಟ್ಟೆ. "ಏನಂದ್ರು ನಿಮ್ಮ ತಾಯಿ?" ಅಂತ ಕೇಳಿದ್ರು ಮಿಸೆಸ್ ಹಾಲ್ವರ್ಸನ್.

"ಅವರಿಗೆ ಸರಿಯಾಗಿ ನೆನಪಿಲ್ವಂತೆ" ಅಂದೆ.

"ನೋ!" ಅಂದಳು ನಂದಿತಾ. ನನ್ನ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತೆ, ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷು. ಹೋದ ವರ್ಷ ಊರಿಗೆ ಹೋದಾಗ ಅಜ್ಜಿ ಅವಳಿಗೆ ರಾಗಿ ತುಂಬಿಡೋ ಆ ದೊಡ್ಡ ಮಣ್ಣಿನ ವಾಡೇನ ತೋರಿಸಿ, ಒಳಗೆ ಇಣುಕಿಸಿ, ಕೂ ಅನ್ನಿಸಿದ್ದಳು. "ಅಜ್ಜಿ ಸೆಡ್ ಅಪ್ಪ ಹಿಡ್ ಇನ್ ದ ಬಿಗ್ ಪಾಟ್! ಹಿ ಡಿಡ್ ನಾಟ್ ಗೆಟ್ ಹಿಸ್ ಶಾಟ್! ಹಿ ಸ್ಲೆಪ್ಟ್ ಇನ್ ದ ಪಾಟ್!"

ಗ್ರಹಗಳಿಗೆ ನಗದೇ ಇದ್ದ ಮಿಸೆಸ್ ಹಾಲ್ವರ್ಸನ್ ಇದಕ್ಕೆ ಟೇಬಲ್ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ದಾರಿ ಹೇಳಿದ್ರು. ಹತ್ತಿರದ ಫಾರ್ಮಸೀಲಿ ಇವತ್ತೇ ಹಾಕಿಸಿಕೊಂಡು ಚೀಟಿ ತಂದ್ರೆ ಆಯ್ತು.

"ಬೇರೆ ದಾರಿ? ಈಗಾಗಲೇ ದೇಹದಲ್ಲಿ ಶಕ್ತಿ ಇದೆಯಾ ಅಂತ ಪರೀಕ್ಷೆ ಮಾಡಿಸಬಹುದಲ್ಲ?"

"ಮಾಡಿಸಬಹುದು. ರಕ್ತ ತೆಗೀತಾರೆ."

"ಯಾವುದರಲ್ಲಿ?"

"ಸೂಜೀಲಿ."

ಮೇಘನಾಗೆ ಕನಿಕರ ಬಂತು. "ಬಿಡಿ, ಸೋಮವಾರ ನಾನೇ ರಜ ಹಾಕಿ ಬರ್ತೀನಿ. ಇಲ್ಲಿ ಎಂಎಸ್ ಸೇರೋವಾಗಲೇ ಕಾಲೇಜಿನವರು ನನಗೆ ಹಾಕಿಸಿದ್ರು, ಕಾಗದ ಇದೆ" ಅಂದಳು. ನನಗೆ ಹೋದ ಜೀವ ಬಂದ ಹಾಗಾಯ್ತು. ಹೂಂ ಅನ್ನೋಕೆ ಬಾಯಿ ತೆಗೆದೂ ಇದ್ದೆ.

ನಂದಿತಾ ಕೈಯಲ್ಲಿದ್ದ ಬಿಲ್ಲೆ ನೋಡಿದಳು. ಅಮ್ಮನ್ನ ನೋಡಿದಳು. ಆಮೇಲೆ ಮೆಲ್ಲಗೆ, "ಬಟ್ ಇಟ್ ಸೇಸ್ ಅಪ್ಪ" ಅಂದಳು.

ಅಷ್ಟೇ ಹೇಳಿದ್ದು. ಹಟ ಮಾಡಲಿಲ್ಲ, ಅಳಲೂ ಇಲ್ಲ. ಹಟ ಮಾಡಿದ್ದಿದ್ರೆ ಬೈದು ಸುಮ್ಮನಾಗಿಸಬಹುದಿತ್ತು.

ಹತ್ತು ನಿಮಿಷ ಡ್ರೈವ್ ಮಾಡಿದೆ. ಫಾರ್ಮಸಿ ಬಾಗಿಲು ಬಂತು. ನನಗೇ ಗೊತ್ತಿಲ್ಲದ ಹಾಗೆ ಕಾಲು ಬ್ರೇಕ್ ಒತ್ತಿತು, ಬಾಯಿ ತಾನಾಗೇ ಅಂದಿತು. "ನೀವಿಬ್ಬರೂ ಇಳೀರಿ, ನಾನು ಪಾರ್ಕಿಂಗ್..."

ಮೇಘನಾ ಕೈ ಚಾಚಿದಳು. "ಕೀ ಕೊಡಿ. ಇವತ್ತು ಪಾರ್ಕಿಂಗ್ ನಾನು ಹುಡುಕ್ತೀನಿ."

ಒಳಗೆ ಒಬ್ಬ ತರುಣ ಫಾರ್ಮಸಿಸ್ಟು ತೋಳು ಏರಿಸಿ ಅಂದ. ಏರಿಸಿದೆ. ಗೋಡೆ ಮೇಲಿನ ಕೆಮ್ಮಿನ ಔಷಧಿಯ ಜಾಹೀರಾತನ್ನ ಅಕ್ಷರ ಬಿಡದೆ ಓದಿದೆ, ಎರಡನೇ ಪ್ಯಾರಾ ಸಮೇತ. ನಂದಿತಾ ಕುರ್ಚಿ ಪಕ್ಕ ನಿಂತು ನನ್ನ ಕಿರುಬೆರಳು ಹಿಡಿದುಕೊಂಡಳು. "ಅಪ್ಪ, ಜಸ್ಟ್ ಲೈಕ್ ಇರುವೆ" ಅಂದಳು. ಇಷ್ಟು ವರ್ಷ ನಾನು ಹೇಳಿದ ಆ ಮಾತು ಶುದ್ಧ ಸುಳ್ಳು ಅಂತ ಅವತ್ತು ಗೊತ್ತಾಯ್ತು. ಇರುವೆ ಅಲ್ಲ, ಚೇಳು. ಕಣ್ಣಲ್ಲಿ ಒಂದೆರಡು ಹನಿ ಬಂತು, ಅದು ಏಸಿ ಗಾಳಿಗೆ ಅಂತ ನಾನು ಈಗಲೂ ವಾದಿಸ್ತೀನಿ. ಬ್ಯಾಂಡೇಜ್ ಅವಳೇ ಆರಿಸಿದಳು. ಗುಲಾಬಿ ಬಣ್ಣ, ಮೇಲೆ ಕೊಂಬಿನ ಕುದುರೆ. ಹದಿನೈದು ನಿಮಿಷ ಕೂತಿರಿ ಅಂದ್ರು, ಇಪ್ಪತ್ತು ನಿಮಿಷ ಕೂತೆ. ಚೀಟಿ ಮಧ್ಯಾಹ್ನದೊಳಗೆ ಶಾಲೆಗೆ ತಲುಪಿತು. ಕಳಿಸೋ ಮುಂಚೆ ಮೂರು ಸಲ ತೆಗೆದು ನೋಡಿದೆ.

ಸೋಮವಾರ ಬಂತು. ನಾನು ಬಿಲ್ಲೆ ಸಿಕ್ಕಿಸಿಕೊಂಡು, ಗೇಣುದ್ದದ ಕುರ್ಚಿ ಮೇಲೆ ಕೂತು ಸೇಬು ಹೆಚ್ಚುತ್ತಿದ್ದೆ. ಮಕ್ಕಳೆಲ್ಲಾ ನೆಲದ ಮೇಲೆ ವೃತ್ತಾಕಾರವಾಗಿ ಕೂತಿದ್ದರು. ತಮ್ಮ ಜೊತೆ ಬಂದಿರೋರ ಬಗ್ಗೆ ಏನಾದರೂ ಹೇಳೋಕೆ ಟೀಚರ್ ಹೇಳಿದಾಗ ನಂದಿತಾ ಎದ್ದು ನಿಂತು, ಅಪ್ಪನಿಗೆ ಶುಕ್ರವಾರ ಶಾಟ್ ಆಯ್ತು, ಅಪ್ಪ ತುಂಬಾ ಬ್ರೇವ್, ಚಿಕ್ಕವನಿದ್ದಾಗ ಶಾಟ್ ಕೊಡೋಕೆ ಬಂದರೆ ಅಪ್ಪ ದೊಡ್ಡ ಮಡಕೆ ಒಳಗೆ ಇರ್ತಿದ್ದ ಅಂತ ಇಂಗ್ಲಿಷಲ್ಲಿ ಭಾಷಣ ಮಾಡಿದಳು. ಹದಿನಾಲ್ಕು ಜೊತೆ ಕಣ್ಣು ನನ್ನ ಕಡೆ ತಿರುಗಿದವು.

ಎರಡು ಜಡೆಯ ಒಂದು ಪುಟಾಣಿ ಕೈ ಎತ್ತಿ, "ಮಡಕೆ ಒಳಗೆ ಏನ್ ಮಾಡ್ತಿದ್ದರು?" ಅಂತ ಕೇಳಿತು.

ನಂದಿತಾ ಒಂದು ಕ್ಷಣವೂ ಯೋಚಿಸಲಿಲ್ಲ. "ಹಿ ವಾಸ್ ಲುಕಿಂಗ್ ಫಾರ್ ಪಾರ್ಕಿಂಗ್" ಅಂದಳು.

ನಾನು ತಲೆ ತಗ್ಗಿಸಿ ಸೇಬು ಹೆಚ್ಚಿದೆ.